ನನ್ನ ಪಾಳಿಯ ಸಂಜೆ

ನಮ್ಮ ಮನೆಯಲ್ಲಿ ಓದದೆ ಊಟವಿರಲಿಲ್ಲ. ಅಜ್ಜ ಮಾಡಿದ ಕಟ್ಟಳೆ ಅದು. ಸಂಜೆ ದೀಪ ಹಚ್ಚಿ, ದೇವರ ಜಗುಲಿಗೆ ಕೈಮುಗಿದು, ಗಂಡಸರೆಲ್ಲ ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ಕೂತ ಮೇಲೆ ಮನೆಯ ಮಕ್ಕಳಲ್ಲಿ ಒಬ್ಬರು ಶರಣರ ಪುರಾಣದ ಒಂದು ಪುಟವನ್ನು ಗಟ್ಟಿಯಾಗಿ ಓದಬೇಕು. ಪುಟ ಮುಗಿದರೆ ಊಟದ ಗಂಗಾಳ ಇಡುತ್ತಾರೆ. ಮುಗಿಯದಿದ್ದರೆ ಒಳಗೆ ರೊಟ್ಟಿಯ ಬುಟ್ಟಿ, ಹೊರಗೆ ಹಸಿದ ಜನ, ನಡುವೆ ಓದುವ ಮಗು. ಅಜ್ಜ ಚಿಕ್ಕವನಿದ್ದಾಗ ನಮ್ಮ ಮನೆತನದಲ್ಲಿ ಒಬ್ಬರಿಗೂ ಅಕ್ಷರ ಬರುತ್ತಿರಲಿಲ್ಲವಂತೆ. ಪುರಾಣ ಕೇಳಬೇಕೆಂದರೆ ಮಠದ ಕಟ್ಟೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರಬೇಕು, ಅರ್ಧ ಕೇಳಿಸುವುದಿಲ್ಲ. ಮೀಸೆ ಬಂದ ಮೇಲೆ ತಾನೇ ಹಟ ಹಿಡಿದು ಓದು ಕಲಿತವನು ಅವನು. ಹಾಗಾಗಿ ತನ್ನ ಪಡಸಾಲೆಯಲ್ಲಿ ತನ್ನ ಮೊಮ್ಮಕ್ಕಳೇ ಓದುವುದನ್ನು ಕೇಳಿ ಉಣ್ಣುವುದು ಅವನಿಗೆ ಮೃಷ್ಟಾನ್ನಕ್ಕಿಂತ ಹೆಚ್ಚಾಗಿತ್ತು. ಓದುವ ಮಕ್ಕಳು ಮೂವರಿದ್ದೆವು: ನನ್ನ ಅಣ್ಣ ಶಿವೂ, ನಾನು, ಕಾಕಾನ ಮಗಳು ಗಿರಿಜಾ. ದಿನಕ್ಕೊಬ್ಬರ ಪಾಳಿ. ಅಣ್ಣ ಬಸ್ಸು ಹಿಡಿಯುವವನ ಹಾಗೆ ಓದಿ ಮುಗಿಸುತ್ತಿದ್ದ. ಗಿರಿಜಾ ನನಗಿಂತ ಚಿಕ್ಕವಳು, ಅವಳೂ ಗಡಗಡ ಓದುತ್ತಿದ್ದಳು. ನನಗೆ ಓದಲು ಬರುತ್ತಿರಲಿಲ್ಲ.

ಸವಣೂರಿನ ನಮ್ಮ ಮನೆ ವೀಳ್ಯದೆಲೆಯ ತೋಟದವರ ಮನೆ. ಪಡಸಾಲೆಯ ಒಂದು ಮೂಲೆಯಲ್ಲಿ ಸದಾ ಒದ್ದೆ ಗೋಣಿಚೀಲ ಹೊದಿಸಿದ ಎಲೆಯ ಬುಟ್ಟಿಗಳು. ಮಳೆಗಾಲದಲ್ಲಿ ಆ ಎಲೆಯ ಖಾರವಾಸನೆ, ಗೋಣಿಯ ಕಮಟು, ಕೊಟ್ಟಿಗೆಯ ಗಂಜಲ, ಬೇಯುವ ರೊಟ್ಟಿ ಎಲ್ಲ ಕೂಡಿ ಒಂದು ವಾಸನೆಯಾಗುತ್ತಿತ್ತು. ಇವತ್ತಿಗೂ ಎಲ್ಲಾದರೂ ಆ ವಾಸನೆ ಬಂದರೆ ನನ್ನ ಪಾಳಿ ನೆನಪಾಗುತ್ತದೆ. ಜನ ತವರಿನ ನೆನಪು ಬಂದರೆ ಕಣ್ಣೊರೆಸಿಕೊಳ್ಳುತ್ತಾರೆ, ನನಗೆ ಮೊದಲು ಬರುವುದು ಭಯ. ಪಡಸಾಲೆಗೂ ಅಡಿಗೆಮನೆಗೂ ನಡುವೆ ಒಂದೇ ಬಾಗಿಲು, ಬಾಗಿಲಿಗೊಂದು ಹಳೆಯ ಸೀರೆಯ ಪರದೆ. ಪರದೆಯ ಆಚೆ ಅವ್ವ, ಚಿಗವ್ವ ರೊಟ್ಟಿ ಬಡಿಯುತ್ತಿದ್ದರು. ಅಣ್ಣ ಓದುವಾಗ ಬಡಿಯುವ ಸದ್ದು ನಿಲ್ಲುತ್ತಿರಲಿಲ್ಲ. ನಾನು ಓದುವಾಗ ಮಾತ್ರ ಅವ್ವನ ಕೈ ನಿಂತುಬಿಡುತ್ತಿತ್ತು.

ಶಾಲೆಯಲ್ಲಿ ಅಡಗಿಕೊಳ್ಳಬಹುದಿತ್ತು. ಹಿಂದಿನ ಸಾಲು, ಎತ್ತರದ ಹುಡುಗಿಯ ಬೆನ್ನು, ಬಾಯಿ ಆಡಿಸಿದರೆ ಸಾಕು, ಎಲ್ಲರ ದನಿಯಲ್ಲಿ ನನ್ನದೂ ಸೇರಿಕೊಳ್ಳುತ್ತಿತ್ತು. ಮಾಸ್ತರರು ಎಬ್ಬಿಸಿ ನಿಲ್ಲಿಸಿದಾಗ ಕೈಗೆ ಎರಡು ಏಟು ತಿಂದು ಕೂತರೆ ಮುಗಿಯಿತು. ಮನೆಯಲ್ಲಿ ಎಲ್ಲಿ ಅಡಗುವುದು? ಬಿಡಿಬಿಡಿಯಾಗಿ ತೋರಿಸಿದರೆ ಒಂದೊಂದು ಅಕ್ಷರವನ್ನೂ ಹೇಳುತ್ತಿದ್ದೆ. ಅವು ಸಾಲಾಗಿ ಕೂತವೆಂದರೆ ನನ್ನ ಮಾತು ಕೇಳುತ್ತಿರಲಿಲ್ಲ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಬಂದು ತಗುಲಿಕೊಳ್ಳುತ್ತಿತ್ತು. ಒಂದು ಪದ ಹಿಡಿದು ಮುಂದಿನದಕ್ಕೆ ಹೋಗುವುದರೊಳಗೆ ಕಣ್ಣು ಎರಡು ಸಾಲು ಕೆಳಗಿಳಿದಿರುತ್ತಿತ್ತು. ಮತ್ತೆ ಮೊದಲಿನಿಂದ ಶುರು. ಬೆವರು ಕತ್ತಿನಿಂದ ಬೆನ್ನಿಗೆ ಇಳಿಯುತ್ತಿತ್ತು. ರೊಟ್ಟಿ ಆರುತ್ತಿತ್ತು, ಪುಂಡಿಪಲ್ಯ ಆರುತ್ತಿತ್ತು, ಗಿರಿಜಾ ಅಲ್ಲೇ ನಿದ್ದೆ ಹೋಗುತ್ತಿದ್ದಳು. ಕಾಕಾ ಬೆಳಗಿನಿಂದ ತೋಟದಲ್ಲಿ ಬಳ್ಳಿ ಕಟ್ಟಿ, ನೀರು ತಿರುವಿ ಬಂದವನು, ಹಸಿವು ತಡೆಯದ ಮನುಷ್ಯ. ಊಟ ಮುಗಿದ ಮೇಲೆ ಅವನಷ್ಟು ಒಳ್ಳೆಯವನು ಆ ಓಣಿಯಲ್ಲೇ ಇರಲಿಲ್ಲ, ಊಟಕ್ಕೆ ಮೊದಲು ಅವನ ಎದುರು ನಿಲ್ಲಲು ನಾಯಿಯೂ ಹೆದರುತ್ತಿತ್ತು.

“ಏ ನೀಲಿ, ಆ ಶರಣ ಹೊಸ್ತಿಲಾ ದಾಟಾಕ ಎಷ್ಟೊತ್ತ ಮಾಡ್ತಾನವಾ? ಅಷ್ಟ್ರಾಗ ನಾ ತ್ವಾಟಕ್ಕ ಹೋಗಿ ಬರ್ತೇನಿ ತಗೀ.”

ಅಣ್ಣ ಕಿಸಕ್ಕನೆ ನಗುತ್ತಿದ್ದ. ಅಜ್ಜ ಮಾತ್ರ ಕಣ್ಣುಮುಚ್ಚಿ ಕೂತೇ,

“ನೀ ಸುಮ್ಮ ಕುಂದ್ರು. ಓದವಾ ನೀಲವ್ವಾ,” ಎನ್ನುತ್ತಿದ್ದ.

ಕೊನೆಗೆ ಅಜ್ಜನೇ ಒಂದೊಂದು ಪದ ಹೇಳಿಕೊಟ್ಟು, ನಾನು ಅದನ್ನು ಒಪ್ಪಿಸಿ, ಹೇಗೋ ಪುಟದ ತಳ ಮುಟ್ಟುತ್ತಿದ್ದೆವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ನಮ್ಮಲ್ಲಿ ಬೆಕ್ಕಿಗೂ ಚೆಲ್ಲಾಟವಿರಲಿಲ್ಲ, ಅದೂ ಹಸಿದಿರುತ್ತಿತ್ತು.

ಶ್ರಾವಣ ಹಿಡಿದ ಹೊಸತರಲ್ಲಿ, ನನ್ನ ಪಾಳಿಯ ಒಂದು ಸಂಜೆ, ಕಾಕಾ ಓದಿನ ನಡುವೆಯೇ ಎದ್ದು ಅಜ್ಜನ ಮುಂದೆ ನಿಂತ.

“ಅಪ್ಪಾ, ಇಕಿ ಪಾಳಿ ಬಿಟ್ಟಬಿಡು. ಓದು ಇಕಿ ಹಣ್ಯಾಗ ಬರದಿಲ್ಲ. ಹಿರೇಕೆರೂರಾಗ ಅಕ್ಕ ಕೂಸಿನ ಸಂಗಾಟ ಒಬ್ಬಾಕಿನ ಒದ್ಯಾಡಾಕತ್ತಾಳ, ಕೂಸು ಆಡ್ಸಾಕ ಒಂದ ಹುಡುಗಿ ಇದ್ರ ಕಳಸ್ರಿ ಅಂತ ಹೇಳಿ ಕಳಿಸ್ಯಾಳ. ಇಕೀನ್ನ ಕಳಿಸೂಣು. ಸಾಲಿಗೆ ಹೋಗಿ ಮಾಡೂದರ ಏನೈತಿ?”

ನಾನು ನನ್ನ ಅಪ್ಪನ ಮುಖ ನೋಡಿದೆ. ಅಪ್ಪ ನೆಲ ನೋಡಿದ. ಅಜ್ಜನ ಮುಂದೆ ಅಪ್ಪ ಯಾವತ್ತೂ ಮಾತಾಡಿದವನಲ್ಲ. ಆ ಮೌನದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಅಪ್ಪ ಹೋದ ಮೇಲೂ ಅದು ಹೋಗಿಲ್ಲ. ಅಜ್ಜ ತೀರ್ಪು ಕೊಡುವವನಂತೆ ಹೇಳಿದ.

“ಶ್ರಾವಣ ಮುಗಿಯೂದ್ರಾಗ ಒಂದ ಪುಟಾ, ಯಾರೂ ಹೇಳಿಕೊಡಲಾರದ, ಓದ್ಲಿ. ಓದಿದ್ರ ಸಾಲಿಗೆ ಹೊಕ್ಕಾಳ. ಇಲ್ಲಾಂದ್ರ ಹಿರೇಕೆರೂರಿಗೆ.”

ಹಿರೇಕೆರೂರಿನ ಅತ್ತೆ ಒಳ್ಳೆಯವಳೇ. ಆದರೆ ನನಗೆ ಅವತ್ತು ಅದು ಊರಾಗಿ ಕಾಣಲಿಲ್ಲ. ನೀನು ಈ ಮನೆಯ ಓದುವವರ ಲೆಕ್ಕದಲ್ಲಿಲ್ಲ ಎಂದು ಹೊರಗಿಡುವ ಜಾಗವಾಗಿ ಕಂಡಿತು. ಪರದೆಯ ಆಚೆ ರೊಟ್ಟಿಯ ಸದ್ದು ನಿಂತೇ ಇತ್ತು.

ಮರುದಿನದಿಂದ ಔಷಧಿ ಶುರುವಾಯಿತು. ಗಟ್ಟಿಯಾಗಿ ಓದುವುದೇ ಓದು ಎಂದು ನಂಬಿದ ಮನೆ ನಮ್ಮದು. ಬಾಯಿಂದ ಬರುತ್ತಿಲ್ಲವೆಂದರೆ ದೋಷ ಬಾಯಲ್ಲೇ ಇರಬೇಕಲ್ಲ? ಹಾಗಾಗಿ ಮನೆಯವರೆಲ್ಲ ಸೇರಿ ನನ್ನ ನಾಲಿಗೆಯ ಬೆನ್ನು ಬಿದ್ದರು. ಬೆಳಗಾಗೆದ್ದು ಅವ್ವ ಬಜೆಬೇರು ತೇಯ್ದು, ಜೇನುತುಪ್ಪ ಕಲಸಿ, ನನ್ನ ನಾಲಿಗೆಗೆ ಉಜ್ಜುತ್ತಿದ್ದಳು. ಬಜೆಯ ಕಹಿ ತಿಂದವರಿಗೇ ಗೊತ್ತು, ಅದರ ಮುಂದೆ ಬೇವೂ ಬೆಲ್ಲವೇ. ಚಿಗವ್ವ ತನ್ನ ಕಿವಿಯ ಬೆಂಡೋಲೆ ಬಿಚ್ಚಿ ಬಂಗಾರದಿಂದ ನಾಲಿಗೆಯ ಮೇಲೆ ಓಂಕಾರ ಬರೆದಳು. ಕಾಕಾ ಕೂಡ, ಪಾಪ, ಬಂಕಾಪುರದ ಸಂತೆಯಿಂದ ಯಾರೋ ಹೇಳಿದರೆಂದು ಒಂದು ಪುಡಿ ತಂದ. ನನ್ನನ್ನು ಓಡಿಸಬೇಕೆಂದವನೇ ಔಷಧಿಯನ್ನೂ ತಂದದ್ದು, ಆ ಮನೆಯ ಪ್ರೀತಿಯೇ ಹಾಗಿತ್ತು. ನಾಲಿಗೆ ಸಿಪ್ಪೆ ಎದ್ದಿತು. ಉಪ್ಪು ತಾಗಿದರೆ ಉರಿ. ಇಷ್ಟೆಲ್ಲ ಆಗುವಾಗ ನನ್ನ ಎರಡು ಪಾಳಿ ಬಂದು ಹೋದವು, ಪುಟ ಅಜ್ಜನ ಬಾಯಿಂದಲೇ ಮುಗಿಯಿತು. ಒಂದು ಬೆಳಿಗ್ಗೆ ಅವ್ವ ಬಜೆ ಹಿಡಿದು ಬಂದಾಗ ನಾನು ಬಟ್ಟಲನ್ನು ಕೈಯಿಂದ ಬಡಿದು ಬೀಳಿಸಿದೆ.

“ನನ್ನ ನಾಲಿಗಿಗೆ ಏನೂ ಆಗಿಲ್ಲ! ಅಕ್ಷರ ನಿಂದ್ರೂದಿಲ್ಲಬೇ, ಅಕ್ಷರ!”

ಏಟು ಬೀಳುತ್ತದೆಂದು ಕಾದೆ. ಅವ್ವ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

“ನಿಂದ್ರೂದಿಲ್ಲಂದ್ರ? ಎಲ್ಲಿ ಹೊಕ್ಕಾವು? ತೋರ್ಸು ನನಗ.”

ಅಷ್ಟು ದಿನದಲ್ಲಿ ತೋರಿಸು ಎಂದು ನನ್ನನ್ನು ಕೇಳಿದವರು ಅವಳೊಬ್ಬಳೇ. ಈಗ ನಾನಿರುವ ಹಾನಗಲ್ಲಿನಲ್ಲಿ ನನ್ನ ಮೊಮ್ಮಗಳಿಗೆ ಹೀಗೇ ಆದಾಗ ಶಾಲೆಯವರೇ ಕರೆಸಿ ಮಾತಾಡಿದರು, ಹುಬ್ಬಳ್ಳಿಯ ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು, ಹೆದರುವಂಥದ್ದಲ್ಲ ಎಂದರು. ನನಗೆ ಸಂತೋಷವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಅವ್ವನಿಗೆ ಆ ಹೆಸರೇನೂ ಗೊತ್ತಿರಲಿಲ್ಲ. ಅವಳು ಕಲಿತದ್ದು ನಾಲ್ಕನೆಯ ಇಯತ್ತೆ, ತಾನೇ ತಡವರಿಸಿ ಓದುವವಳು. ನಾನು ಪುಸ್ತಕ ತಂದು, ನೋಡು ಈ ಒತ್ತು ಇಲ್ಲಿ ಬೀಳುತ್ತದೆ, ಈ ಪದ ಮೇಲೆ ಹತ್ತುತ್ತದೆ ಎಂದು ಬೆರಳಿಟ್ಟು ತೋರಿಸಿದೆ. ಅವಳಿಗೆ ಬೀಳುವುದೂ ಕಾಣಲಿಲ್ಲ, ಹತ್ತುವುದೂ ಕಾಣಲಿಲ್ಲ. ಆದರೂ ಸುಳ್ಳು ಹೇಳುತ್ತೀಯ ಎನ್ನಲಿಲ್ಲ. ಬೆರಳಿನಿಂದ ಮುಚ್ಚಿ ನೋಡಿದಳು, ಬೆರಳು ಸಾಲಲಿಲ್ಲ. ಸೆರಗಿನಿಂದ ಮುಚ್ಚಿದಳು, ಸೆರಗು ಜಾರಿತು. ಕೊನೆಗೆ ಪಕ್ಕದ ಬುಟ್ಟಿಯಿಂದ ಎರಡು ಎಲೆ ತೆಗೆದು ಒಂದನ್ನು ಸಾಲಿನ ಮೇಲೆ, ಒಂದನ್ನು ಕೆಳಗೆ ಇಟ್ಟಳು. ನಡುವೆ ಒಂದೇ ಸಾಲು ಉಳಿಯಿತು. ಅದು ನಿಂತಿತ್ತು. ಪೂರ್ತಿ ಅಲ್ಲ, ಆದರೆ ನಿಂತಿತ್ತು. ಆಮೇಲೆ ದೊಡ್ಡದೊಂದು ಎಲೆ ಆರಿಸಿ, ಎಲೆ ಕೊಯ್ಯಲು ಹೆಬ್ಬೆರಳಿಗೆ ಹಾಕುವ ತಗಡಿನ ಉಗುರಿನಿಂದ ಅದರ ನಡುವೆ ಒಂದು ಸಣ್ಣ ಕಿಟಕಿ ಕೊರೆದಳು. ಕಿಟಕಿಯಲ್ಲಿ ಒಂದು ಪದ, ಸರಿಸಿದರೆ ಇನ್ನೊಂದು ಪದ. ನಾನು ಓದಿದೆ. ಅವ್ವ ಸರಿಯೋ ತಪ್ಪೋ ಎಂದು ಪುಸ್ತಕಕ್ಕೆ ಮುಖವಿಟ್ಟು ನೋಡಿದಳು. ಒಲೆಯ ಮೇಲೆ ಹಾಲು ಉಕ್ಕಿ ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.

ದಿನಾ ಬೆಳಿಗ್ಗೆ ಬಜೆಯ ಹೊತ್ತಿನಲ್ಲಿ ನಮ್ಮಿಬ್ಬರ ಓದು ನಡೆಯಿತು. ಅಡಿಗೆಮನೆಯ ಹೊಗೆಯಲ್ಲಿ, ಯಾರಾದರೂ ಬಂದರೆ ಪುಸ್ತಕದ ಮೇಲೆ ಮೊರ ಮುಚ್ಚುತ್ತಿದ್ದೆವು. ಮುಂದಿನ ಪಾಳಿಗೆ ಧೈರ್ಯ ಮಾಡಿ ಎಲೆಯನ್ನು ಪಡಸಾಲೆಗೇ ಒಯ್ದೆ. ಎರಡು ಸಾಲು ಓದಿರಬೇಕು. ಪದ ತೊದಲಲಿಲ್ಲವಲ್ಲ ಎಂದು ಅಜ್ಜ ಕಣ್ಣು ತೆರೆದ. ತೆರೆದವನು ಕಂಡದ್ದು ತೂತು ಬಿದ್ದ ಎಲೆ, ಅದರ ಕೆಳಗೆ ನೀರಿನ ಕಲೆ ಹತ್ತಿದ ಪುರಾಣದ ಪುಟ. ಹರಿದ ಎಲೆಯನ್ನು ದೇವರ ಮುಂದೆ ಇಡದ ಮನೆ ನಮ್ಮದು. ಅಜ್ಜ ಎಲೆಯನ್ನು ಕಿತ್ತು ಅಂಗಳಕ್ಕೆ ಎಸೆದ.

“ಹರಕ ಎಲಿ ಪುರಾಣದ ಮ್ಯಾಲ ಇಡ್ತಿ? ಯಾರ ಕಲ್ಸಿದ್ರು ನಿನಗ ಇದನ್ನ?”

ಕಾಕಾ, ಅಣ್ಣ, ಅಪ್ಪ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಗ ಪರದೆಯ ಹಿಂದಿನಿಂದ ಅವ್ವನ ದನಿ ಬಂತು. ಅಲ್ಲಿಯವರೆಗೆ ಅವ್ವ ಅಜ್ಜನ ಜೊತೆ ನೇರವಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಏನಿದ್ದರೂ ಅಪ್ಪನ ಮೂಲಕ, ಇಲ್ಲವೇ ಮಕ್ಕಳ ಮೂಲಕ.

“ನಾ ಕಲ್ಸೇನ್ರಿ, ಮಾವಾರ.” ದನಿ ನಡುಗುತ್ತಿತ್ತು. “ತಪ್ಪಾಗಿದ್ರ ನನಗ ಅನ್ರಿ. ಆದ್ರ ನಿಮಗ ಚಾಳೀಸ ಹೆಂಗೋ ಅಕಿಗೆ ಅದು ಹಂಗರಿ. ಚಾಳೀಸ ಕಸಗೊಂಡು ಓದಂದ್ರ ನೀವರ ಓದ್ತೀರೇನ್ರಿ?”

ಅಜ್ಜ ಮೂಗಿನ ಮೇಲಿನ ಚಾಳೀಸು ತೆಗೆದ, ಧೋತರದ ಚುಂಗಿನಿಂದ ಗಾಜು ಒರೆಸಿದ, ಬಹಳ ಹೊತ್ತು ಒರೆಸಿದ. ಕಾಕಾ ಕೂಡ ಹಸಿವು ಮರೆತು ನೋಡುತ್ತಿದ್ದ. ಆಮೇಲೆ ಅಜ್ಜ ಎದ್ದು ಗೋಡೆಯ ಗೂಡಿನಿಂದ ಯಾರದೋ ಹಳೆಯ ಲಗ್ನಪತ್ರಿಕೆ ತೆಗೆದು, ಕ್ಷೌರದ ಬ್ಲೇಡಿನಿಂದ ಅದರ ನಡುವೆ ಕಿಟಕಿ ಕೊರೆದು, ನನ್ನ ಮುಂದೆ ಇಟ್ಟ.

“ಹಸೀ ಎಲಿ ಪುಟಾ ಕೆಡಿಸ್ತೈತಿ. ಇದನ್ನ ತೊಗೊ. ಆದ್ರ ಮಾತ ಮಾತ. ಶ್ರಾವಣ ಅಂದ್ರ ಶ್ರಾವಣ.”

ಅವತ್ತು ಅರ್ಧ ಪುಟ ನನ್ನಿಂದಾಯಿತು, ಉಳಿದರ್ಧಕ್ಕೆ ಅಜ್ಜನೇ ಬೇಕಾದ. ಮುಂದಿನ ಪಾಳಿಗೆ ಅರ್ಧಕ್ಕಿಂತ ಹೆಚ್ಚು. ಕಾಕಾ ಈಗ ಕುಹಕ ಮಾತಾಡುತ್ತಿರಲಿಲ್ಲ, ಸುಮ್ಮನೆ ಹಗ್ಗ ಹೊಸೆಯುತ್ತ ಕೂರುತ್ತಿದ್ದ. ನನ್ನ ಓದಿಗೆ ಮರ್ಯಾದೆ ಬಂತೆಂದು ಒಳಗೊಳಗೇ ಹಿಗ್ಗಿದೆ. ಹಿಗ್ಗು ಬಹಳ ದಿನ ಬಾಳಲಿಲ್ಲ. ಒಂದು ಸಂಜೆ ನನ್ನ ಪಾಳಿಗೆ ಮುಂಚೆ ಮುಖ ತೊಳೆಯಲು ಹಿತ್ತಲಿಗೆ ಹೋದಾಗ ಕೊಟ್ಟಿಗೆಯಲ್ಲಿ ಕಾಕಾ ಕೂತಿದ್ದ. ಮುಂದೆ ಅಗಲವಾದ ತಟ್ಟೆಯಲ್ಲಿ ಚುರಮರಿ, ಮೇಲೆ ಖಾರಾ, ಹೆಚ್ಚಿದ ಉಳ್ಳಾಗಡ್ಡಿ. ಅವನ ಪಕ್ಕದಲ್ಲಿ ಅಪ್ಪ. ಅವರ ಹಿಂದೆ ಬಾಯಿ ತುಂಬ ಚುರಮರಿ ತುಂಬಿಕೊಂಡ ಅಣ್ಣ. ನನ್ನನ್ನು ಕಂಡು ಮೂವರೂ ಅಗಿಯುವುದನ್ನು ನಿಲ್ಲಿಸಿದರು. ಯಾಕೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಪಾಳಿಯ ದಿನ ಹಸಿದ ಗಂಡಸರು ಸಿಡುಕುತ್ತಾರೆಂದು ಅವ್ವ, ಚಿಗವ್ವ ಮೊದಲೇ ಹೊಟ್ಟೆಗೆ ಹಾಕಿ ಕೂರಿಸುತ್ತಿದ್ದರು. ಅಜ್ಜನನ್ನು ಬಿಟ್ಟು ಉಳಿದವರೆಲ್ಲ ಉಂಡೇ ಬರುತ್ತಿದ್ದರು. ಕಾಕಾನ ಮೌನ ನನ್ನ ಓದಿನಿಂದ ಬಂದದ್ದಲ್ಲ, ಚುರಮರಿಯಿಂದ ಬಂದದ್ದು. ಅವತ್ತು ಓದುವಾಗ ತಲೆಯೆತ್ತಿ ನೋಡಿದೆ: ಅಪ್ಪ ತೂಕಡಿಸುತ್ತಿದ್ದ, ಅಣ್ಣ ಗೋಡೆಯ ಹಲ್ಲಿಯನ್ನು ಎಣಿಸುತ್ತಿದ್ದ, ಕಾಕಾನಿಗೆ ಹಗ್ಗವೇ ಪ್ರಪಂಚ. ಬೈಯುತ್ತಿದ್ದಾಗ ಅವರು ನನ್ನನ್ನು ಕೇಳುತ್ತಾದರೂ ಇದ್ದರು. ಈಗ ನಾನು ಓದಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ನನಗೆ ಅಷ್ಟು ಅವಮಾನ ಬೈಗುಳದಿಂದ ಎಂದೂ ಆಗಿರಲಿಲ್ಲ. ಪುಟ ಮತ್ತೆ ಅರ್ಧಕ್ಕೇ ನಿಂತಿತು.

ಶ್ರಾವಣದ ಕೊನೆಯ ನನ್ನ ಪಾಳಿಯ ದಿನ ಮಧ್ಯಾಹ್ನವೇ ಅಡಿಗೆಮನೆಗೆ ಹೋದೆ. ಅವ್ವ ಉಳ್ಳಾಗಡ್ಡಿ ಹೆಚ್ಚಲು ಕೂತಿದ್ದಳು.

“ಇವತ್ತ ಯಾರಿಗೂ ಏನೂ ಕೊಡಬ್ಯಾಡ.”

“ಹುಚ್ಚವ್ವಾ, ನಡಬರಕ ನಿಂತಿ ಅಂದ್ರ ನಿಮ್ಮ ಕಾಕಾ ಮನೀ ತಲಿ ಮ್ಯಾಲ ತೊಗೋತಾನ. ನಾಳಿ ಮುಂಜಾನೆ ಬಸ್ಸಿಗೆ ನಿನ್ನ ಕರಕೊಂಡ ಹೋಗು ಅಂತ ನಿಮ್ಮಜ್ಜ ನಿಮ್ಮಪ್ಪಗ ಹೇಳೂದೂ ಆಗೇತಿ.”

“ಹೋಗ್ತೇನಿ. ಆದ್ರ ಉಂಡ ಕುಂತವ್ರ ಮುಂದ ಓದೂದಿಲ್ಲ.”

ಅವ್ವ ಅಳುತ್ತಿದ್ದಳೋ, ಉಳ್ಳಾಗಡ್ಡಿಯೋ ಗೊತ್ತಾಗಲಿಲ್ಲ. ಈಳಿಗೆ ಮಡಚಿ ಗೋಡೆಗೆ ಒರಗಿಸಿದಳು. ಚುರಮರಿಯ ಡಬ್ಬಿಯನ್ನು ಚಿಗವ್ವನ ಕೈಗೂ ಸಿಗದ ಹಾಗೆ ಅಟ್ಟದ ಮೇಲೆ ಇಟ್ಟಳು. ಸಂಜೆ ತೋಟದಿಂದ ಬಂದ ಕಾಕಾ ಕೊಟ್ಟಿಗೆಗೆ ಹೋದ, ಬರಿಗೈಯಲ್ಲಿ ಹೊರಗೆ ಬಂದ, ಪರದೆಯ ಕಡೆ ಒಮ್ಮೆ ನೋಡಿದ, ಗಂಟಲು ಕೆರೆದ. ಒಳಗೆ ರೊಟ್ಟಿ ಬಡಿಯುವ ಸದ್ದು ಹಾಗೇ ನಡೆದಿತ್ತು. ಅವನು ಪಡಸಾಲೆಗೆ ಬಂದು ಗೋಡೆಗೆ ಬೆನ್ನು ಹಚ್ಚಿ ಕೂತಾಗ ಅವನ ಹೊಟ್ಟೆ ಗುಡುಗಿದ್ದು ನನಗೆ ಕೇಳಿಸಿತು. ಬಾಗಿಲ ಬಳಿ ನನ್ನ ಬಟ್ಟೆಯ ಚೀಲ ಆಗಲೇ ಕಟ್ಟಿ ಇಟ್ಟಿತ್ತು. ಅಪ್ಪ ಅದನ್ನು ನೋಡದ ಹಾಗೆ ಮುಖ ತಿರುಗಿಸಿ ಕೂತಿದ್ದ. ಅಜ್ಜ ಪುಟ ತೆಗೆದುಕೊಟ್ಟ. ಗದ್ಯದಲ್ಲಿ ಬರೆದ ಪುರಾಣ ಅದು, ಹೊಸ ಕತೆ ಶುರುವಾಗುವ ಪುಟ. ನಾನು ರಟ್ಟಿನ ಕಿಟಕಿಯನ್ನು ಮೊದಲ ಪದದ ಮೇಲೆ ಇಟ್ಟೆ.

ಒಂದು ಬಡ ದಂಪತಿ. ಮಳೆಯ ದಿನ ಅವರ ಮನೆಗೆ ಜಂಗಮನೊಬ್ಬ ಬರುತ್ತಾನೆ, ಹಸಿವೆ ಎನ್ನುತ್ತಾನೆ. ಮನೆಯಲ್ಲಿ ಹಿಡಿ ಹಿಟ್ಟಿಲ್ಲ. ಇಷ್ಟನ್ನು ಓದಲು ನನಗೆ ಎಷ್ಟು ಹೊತ್ತಾಯಿತೋ. ಒಂದು ಪದ, ಕಿಟಕಿ ಸರಿಸು, ಇನ್ನೊಂದು ಪದ. ಉದ್ದನೆಯ ಪದವೊಂದು ಕಿಟಕಿಯಲ್ಲಿ ಹಿಡಿಸಲಿಲ್ಲ, ಎರಡು ಸಲ ಮಾಡಿ ಓದಿದೆ. ಅಜ್ಜನ ತುಟಿ ಹೇಳಿಕೊಡಲು ತೆರೆದದ್ದು ಕಂಡಿತು.

“ಹೇಳಬ್ಯಾಡಜ್ಜಾ,” ಅಂದೆ.

ಅಜ್ಜ ಬಾಯಿ ಮುಚ್ಚಿದ. ಕಾಕಾ ಉಸಿರು ಬಿಟ್ಟ ಸದ್ದು, ಕಾಲು ಬದಲಿಸಿದ ಸದ್ದು. ನಾನು ನೋಡಲಿಲ್ಲ. ಹೆಂಡತಿ ಹಿಟ್ಟು ಕೇಳಲು ಹೊಳೆ ದಾಟಿ ತವರಿಗೆ ಹೋಗುತ್ತಾಳೆ. ಹಿಟ್ಟಿನ ಗಡಿಗೆ ತಲೆಯ ಮೇಲಿಟ್ಟುಕೊಂಡು ಮರಳಿ ಬರುವಾಗ ಹೊಳೆ ಏರಿದೆ. ಇಲ್ಲಿ ಒಂದು ಒತ್ತಕ್ಷರ ನನ್ನನ್ನು ಹಿಡಿದು ನಿಲ್ಲಿಸಿತು. ಬೆವರಿನಿಂದ ರಟ್ಟು ಬೆರಳಿಗೆ ಅಂಟಿತು. ಅಂಗೈಯನ್ನು ಲಂಗಕ್ಕೆ ಒರೆಸಿ ಮತ್ತೆ ಇಟ್ಟೆ. ಅವಳು ನೀರಿಗೆ ಇಳಿಯುತ್ತಾಳೆ. ನೀರು ಮೊಣಕಾಲಿಗೆ. ಕಿಟಕಿ ಸರಿಸಿದೆ. ನೀರು ನಡುವಿಗೆ. ಸರಿಸಿದೆ. ನೀರು ಎದೆಗೆ. ಪುಟದ ಕೊನೆಯ ಸಾಲಿಗೆ ಬಂದಾಗ ನನ್ನ ದನಿ ನನಗೇ ಬೇರೆ ಯಾರದೋ ಅನಿಸುತ್ತಿತ್ತು. ಅವಳ ಕಾಲಿಗೆ ನೆಲ ಸಿಗಲಿಲ್ಲ. ಪುಟ ಮುಗಿಯಿತು.

ನಾನು ತಲೆಯೆತ್ತಿದೆ. ಅಪ್ಪ ಎಚ್ಚರವಾಗಿದ್ದ. ಅಣ್ಣ ಬಾಯಿ ತೆರೆದು ಕೂತಿದ್ದ. ಕಾಕಾ ಗೋಡೆ ಬಿಟ್ಟು ಮುಂದಕ್ಕೆ ಬಾಗಿ, ಮಂಡಿಯ ಮೇಲೆ ಕೈಯೂರಿ ನನ್ನ ಪುಸ್ತಕವನ್ನೇ ನೋಡುತ್ತಿದ್ದ.

“ಮುಂದ?” ಅಂದ.

“ಪುಟಾ ಮುಗೀತಲ್ಲ ಕಾಕಾ. ನಾಳಿ ಅಣ್ಣನ ಪಾಳಿ.”

“ಅಂವ ಓದಿದ್ರ ಹೊಳಿ ಬಂದದ್ದೂ ತಿಳಿಯೂದಿಲ್ಲ, ಹೋದದ್ದೂ ತಿಳಿಯೂದಿಲ್ಲ. ನೀನ ಓದು. ಅಕಿ ದಡಾ ಮುಟ್ಟಿದ್ಲೋ ಇಲ್ಲೋ?”

ಅಪ್ಪ ಒಮ್ಮೆ ಬಾಗಿಲ ಬಳಿಯ ಚೀಲವನ್ನೂ ಒಮ್ಮೆ ಅಜ್ಜನನ್ನೂ ನೋಡಿ, ಎಂದೂ ಮಾತಾಡದವನು,

“ಹಂಗಾರ ಮುಂಜಾನಿ ಬಸ್ಸು...” ಎಂದ.

“ಯಾರ ಹೊಕ್ಕಾರ? ಅಕಿ ಇನ್ನೂ ನೀರಾಗ ಅದಾಳ,” ಎಂದ ಅಜ್ಜ. ಕಣ್ಣು ಒದ್ದೆಯಾಗಿತ್ತು, ಅದನ್ನು ಮುಚ್ಚಲು ನನ್ನ ಕಡೆ ಗದರಿದ. “ಓದವಾ. ಏನ್ ನೋಡ್ತಿ?”

ನನಗೆ ಅಳು ಬರಬೇಕಿತ್ತು. ಬಂದದ್ದು ಹಸಿವು. ಬೆಳಗಿನಿಂದ ಒಂದು ತುತ್ತೂ ಗಂಟಲಲ್ಲಿ ಇಳಿದಿರಲಿಲ್ಲ, ನನ್ನ ಪಾಳಿಯ ದಿನ ಎಂದೂ ಇಳಿಯುತ್ತಿರಲಿಲ್ಲ.

“ಹೊಟ್ಟಿ ಹಸದೈತಿ,” ಅಂದೆ. “ಉಂಡ ಮ್ಯಾಲ ಓದ್ತೇನಿ.”

ಕಾಕಾ ಅಜ್ಜನ ಮುಖ ನೋಡಿದ, ಅಜ್ಜ ಅಡಿಗೆಮನೆಯ ಕಡೆ ನೋಡಿದ. ಪರದೆ ಸರಿಸಿ ಅವ್ವ ಗಂಗಾಳಗಳನ್ನು ತಂದಳು. ನನ್ನದನ್ನು ಮೊದಲು ಇಟ್ಟಳು. ಕಾಕಾ ಅವತ್ತು ಎಲ್ಲರಿಗಿಂತ ಬೇಗ ಉಂಡು, ಕೈತೊಳೆದು, ಪುಸ್ತಕದ ಮುಂದೆ ಬಂದು ಕೂತು ನನ್ನ ಕಡೆ ನೋಡತೊಡಗಿದ. ನಾನು ಅವ್ವನನ್ನು ಕರೆದು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.